ಜರ್ಮನಿಗೆ ಸಂಸಾರ: ಒಬ್ಬರ ವಿಮೆ, ನಾಲ್ವರ ಬಿಲ್ಲು

ಜರ್ಮನಿಯಲ್ಲಿ ನೆಲೆಸುವ ಎಲ್ಲರಿಗೂ ಆರೋಗ್ಯ ವಿಮೆ ಕಡ್ಡಾಯ. ನೌಕರರ ವರ್ಷದ ಸಂಬಳ ಕಾನೂನಿನ ಮಿತಿಯೊಳಗೆ ಇದ್ದರೆ ಟಿಕೆ, ಎಒಕೆ, ಬಾರ್ಮರ್‌ನಂಥ ಸಾರ್ವಜನಿಕ ನಿಧಿಗಳಲ್ಲಿ ಒಂದನ್ನು ಸೇರಲೇಬೇಕು. ಮಿತಿ ದಾಟಿದವರಿಗೆ ಮಾತ್ರ ಪಬ್ಲಿಕ್ಕೋ ಪ್ರೈವೇಟೋ ಎಂದು ಆರಿಸುವ ಅವಕಾಶವಿದೆ. 2025ರಲ್ಲಿ ಆ ಮಿತಿ 73,800 ಯೂರೊ, 2026ಕ್ಕೆ 77,400. ಬೆಂಗಳೂರಿನಿಂದ ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆಗೆ ಬ್ಲೂ ಕಾರ್ಡ್ ಎಂಬ ಉದ್ಯೋಗ ಪರ್ಮಿಟ್ ಮೇಲೆ ಹೋಗುವ, ಹತ್ತಾರು ವರ್ಷ ಅನುಭವವಿರುವ ಎಂಜಿನಿಯರುಗಳು ಈ ಗೆರೆಯ ಆಸುಪಾಸಿನಲ್ಲೇ ಇರುತ್ತಾರೆ. ಮೊದಲು ಒಬ್ಬರು ಹೋಗುವುದು, ಮನೆ ಸಿಕ್ಕಿ ಮಕ್ಕಳ ಶಾಲಾ ವರ್ಷ ಮುಗಿದ ಮೇಲೆ ಉಳಿದವರನ್ನು ಕರೆಸಿಕೊಳ್ಳುವುದು ರೂಢಿ. ಹಾಗಾಗಿ ವಿಮೆಯ ತೀರ್ಮಾನವನ್ನು ಒಂಟಿಯಾಗಿರುವವರು ಮಾಡಿರುತ್ತಾರೆ, ಅದರ ಖರ್ಚು ಸಂಸಾರ ಬಂದ ಮೇಲೆ ಗೊತ್ತಾಗುತ್ತದೆ.

ಪಬ್ಲಿಕ್ ವಿಮೆಯ ಕಂತು ಸಂಬಳದ ಶೇಕಡಾವಾರು. ವಯಸ್ಸು, ಸಕ್ಕರೆ ಕಾಯಿಲೆ, ಹಳೆಯ ಆಪರೇಷನ್ ಯಾವುದನ್ನೂ ಕೇಳುವುದಿಲ್ಲ. ಸ್ವಂತ ಆದಾಯವಿಲ್ಲದ ಸಂಗಾತಿ ಮತ್ತು ಮಕ್ಕಳು ಜರ್ಮನಿಗೆ ಬಂದೊಡನೆ ಅದೇ ಕಂತಿನೊಳಗೆ ಸೇರುತ್ತಾರೆ, ಹೆಚ್ಚಿಗೆ ಒಂದು ಸೆಂಟೂ ಇಲ್ಲ. ಪ್ರೈವೇಟ್‌ನಲ್ಲಿ ತಲೆಗೊಂದು ಕಂತು. ಅದನ್ನು ವಯಸ್ಸು ಮತ್ತು ಆರೋಗ್ಯ ನೋಡಿ ನಿಗದಿ ಮಾಡುತ್ತಾರೆ. ಸಂಬಳ ಎಷ್ಟೆಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಈಗ ಲೆಕ್ಕ. ಇದು ಅಂಕಣಕಾರರ ಮನೆಯದೇ, ಸಂಬಳ ಮತ್ತು ಪ್ರೈವೇಟ್ ಕಂತುಗಳನ್ನು ದುಂಡು ಮಾಡಿ 2025ರ ದರಕ್ಕೆ ಹೊಂದಿಸಿದೆ. ತಿಂಗಳಿಗೆ 6,500 ಯೂರೊ ಸಂಬಳ. ಗಂಡ, ಕೆಲಸದಲ್ಲಿಲ್ಲದ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಪಬ್ಲಿಕ್ ಕಂತನ್ನು ಪೂರ್ತಿ ಸಂಬಳದ ಮೇಲೆ ಹಾಕುವುದಿಲ್ಲ, 5,512.50 ಯೂರೊ ತನಕ ಮಾತ್ರ. ಮೂಲ ದರ ಶೇ 14.6, ಸರಾಸರಿ ಹೆಚ್ಚುವರಿ ದರ ಶೇ 2.5, ಒಟ್ಟು ಶೇ 17.1. ಅಂದರೆ 942.64 ಯೂರೊ. ಅರ್ಧ ಕಂಪನಿ ಕಟ್ಟುತ್ತದೆ, ನೌಕರನ ಪಾಲು 471.32. ಇದರ ಜೊತೆ, ಮುಪ್ಪು ಅಥವಾ ಅಶಕ್ತತೆಯಲ್ಲಿ ನೋಡಿಕೊಳ್ಳುವ ಖರ್ಚಿಗಾಗಿ ಇರುವ ಆರೈಕೆ ವಿಮೆ: ಇಬ್ಬರು ಮಕ್ಕಳಿದ್ದರೆ ನೌಕರನ ಪಾಲು ಶೇ 1.55, ಅಂದರೆ 85.44. ಎರಡೂ ಸೇರಿ 556.76. ಇಷ್ಟರಲ್ಲಿ ನಾಲ್ವರೂ ಬಂದರು. (ಮಕ್ಕಳು ಭಾರತದಲ್ಲೇ ಇದ್ದರೂ ಜನನ ಪ್ರಮಾಣಪತ್ರ ಕೊಡಬೇಕು. ಇಲ್ಲವಾದರೆ ಮಕ್ಕಳಿಲ್ಲದವರ ದರ ಶೇ 2.4 ಬೀಳುತ್ತದೆ.)

ಮೂವತ್ತೈದರ ಆರೋಗ್ಯವಂತನಿಗೆ ಪ್ರೈವೇಟ್ ಕಂತು 600 ಎಂದು ಹಿಡಿಯೋಣ. ಅರ್ಧ ಕಂಪನಿಯದು, ಕೈಯಿಂದ ಹೋಗುವುದು 300. ಪಬ್ಲಿಕ್‌ಗಿಂತ ತಿಂಗಳಿಗೆ 256.76 ಕಡಿಮೆ, ಒಂಟಿಯಾಗಿದ್ದ ಒಂದು ವರ್ಷದಲ್ಲಿ 3,081 ಯೂರೊ ಉಳಿತಾಯ. ಸಂಸಾರ ಬಂತು. ಹೆಂಡತಿಗೆ 480, ಮಕ್ಕಳಿಗೆ 180ರಂತೆ 360, ತನ್ನ 600, ಒಟ್ಟು 1,440. ಕಂಪನಿ ಈಗಲೂ ಅರ್ಧ ಕೊಡುತ್ತದೆ ಎಂದುಕೊಳ್ಳುವವರು ಇಲ್ಲಿ ಎಡವುತ್ತಾರೆ. ಪಬ್ಲಿಕ್ ಆಗಿದ್ದರೆ ಎಷ್ಟು ಕೊಡಬೇಕಾಗಿತ್ತೋ ಅದೇ ಕಂಪನಿಯ ಮೇಲ್ಮಿತಿ: ಆರೋಗ್ಯ ವಿಮೆಗೆ 471.32, ಆರೈಕೆ ವಿಮೆಗೆ 99.23, ಒಟ್ಟು 570.55. ಅದು ಪೂರ್ತಿ ಸಿಕ್ಕಿತೆಂದೇ ಇಟ್ಟುಕೊಂಡರೂ ಜೇಬಿನಿಂದ ಹೋಗುವುದು 869.45. ಪಬ್ಲಿಕ್‌ಗಿಂತ ತಿಂಗಳಿಗೆ 312.69 ಹೆಚ್ಚು. ಒಂದು ವರ್ಷದ ಉಳಿತಾಯ ಹತ್ತು ತಿಂಗಳೊಳಗೆ ಕರಗಿತು. ಅಲ್ಲಿಂದ ಮುಂದೆ ಪ್ರತಿ ವರ್ಷ 3,752 ಯೂರೊ, ಯೂರೊಗೆ ನೂರು ರೂಪಾಯಿಯೆಂದರೂ ಮೂರು ಮುಕ್ಕಾಲು ಲಕ್ಷ.

ಹೆಂಡತಿ ಕೆಲಸಕ್ಕೆ ಸೇರಿದರೆ ಅರ್ಧ ಪರಿಹಾರ ಸಿಗುತ್ತದೆ. ಅವರ ಸಂಬಳ ಮಿತಿಯೊಳಗಿದ್ದರೆ ಅವರು ತಾವಾಗಿಯೇ ಪಬ್ಲಿಕ್‌ಗೆ ಬರುತ್ತಾರೆ. ಮಕ್ಕಳು ಮಾತ್ರ ಬರುವುದಿಲ್ಲ. ಪ್ರೈವೇಟ್‌ನಲ್ಲಿರುವ ತಂದೆಯ ಸಂಬಳ ಮಿತಿಗಿಂತ ಮೇಲಿದ್ದು, ತಾಯಿಗಿಂತಲೂ ಹೆಚ್ಚಿದ್ದರೆ ಮಕ್ಕಳಿಗೆ ಉಚಿತ ಕುಟುಂಬ ವಿಮೆ ಇಲ್ಲವೆಂದು ಕಾನೂನೇ ಹೇಳುತ್ತದೆ. ಇನ್ನು ಆರೋಗ್ಯ ಪ್ರಶ್ನಾವಳಿ. ಭಾರತದಿಂದ ಬರುವ ಮಗುವಿಗೆ ಉಬ್ಬಸವಿದ್ದರೆ, ಹೆಂಡತಿಗೆ ಥೈರಾಯ್ಡ್ ಇದ್ದರೆ ಪ್ರೈವೇಟ್ ಕಂಪನಿ ಕಂತು ಏರಿಸಬಹುದು, ಆ ಕಾಯಿಲೆಯನ್ನೇ ಹೊರಗಿಡಬಹುದು.

ಹಾಗೆಂದು ವಾಪಸ್ ಬರುವುದು ಸುಲಭವಲ್ಲ. ಸಂಬಳ ಮಿತಿಗಿಂತ ಕೆಳಗಿಳಿಯಬೇಕು, ಅಂದರೆ ಕೆಲಸದ ಗಂಟೆ ಕಡಿಮೆ ಮಾಡಿಕೊಳ್ಳಬೇಕು ಅಥವಾ ಕಡಿಮೆ ಸಂಬಳದ ಕೆಲಸ ಹಿಡಿಯಬೇಕು. ವಯಸ್ಸು 55 ದಾಟಿದ ಮೇಲೆ ಆ ಬಾಗಿಲೂ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಜರ್ಮನಿಯಲ್ಲಿ ಮೊದಲ ಬಾರಿ ಕೆಲಸಕ್ಕೆ ಸೇರುವವರಿಗೆ ಸಂಬಳ ಮಿತಿ ದಾಟಿದ್ದರೂ ಸ್ವಇಚ್ಛೆಯಿಂದ ಪಬ್ಲಿಕ್ ಸೇರುವ ಹಕ್ಕಿದೆ, ಆದರೆ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಮನೆ ಹುಡುಕುವ ಗಡಿಬಿಡಿಯಲ್ಲಿ ಕಳೆದುಹೋಗುವುದು ಇದೇ ಮೂರು ತಿಂಗಳು. ಒಂಟಿಯಾಗಿಯೇ ಇದ್ದು ಎರಡು ಮೂರು ವರ್ಷಕ್ಕೆ ಊರಿಗೆ ಮರಳುವವರಿಗೆ ಪ್ರೈವೇಟ್ ಲಾಭವೇ. ತಜ್ಞ ವೈದ್ಯರ ಸಮಯವೂ ಬೇಗ ಸಿಗುತ್ತದೆ. ಸಂಸಾರ ಬರುವುದು ಖಚಿತವಿದ್ದವರು ಆ ಕಡೆ ತಲೆ ಹಾಕಬಾರದು.

ಮೂರನೆಯದೊಂದು ಸರಕಿದೆ, ‘ಎಕ್ಸ್‌ಪ್ಯಾಟ್ ಪಾಲಿಸಿ’. ವೀಸಾಕ್ಕೆ ಸಾಕು, ಅಗ್ಗ, ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ ಎಂದು ಮಾರುತ್ತಾರೆ. ಸಾಮಾನ್ಯವಾಗಿ ಐದು ವರ್ಷಕ್ಕೆ ಇದರ ಅವಧಿ ಮುಗಿಯುತ್ತದೆ, ಹಳೆಯ ಕಾಯಿಲೆಗಳಿಗೆ ರಕ್ಷಣೆ ಇರುವುದಿಲ್ಲ, ಹೆರಿಗೆಗೆ ನೂರೆಂಟು ಷರತ್ತು. ಪರ್ಮಿಟ್ ನವೀಕರಣದ ವೇಳೆ ವಲಸೆ ಕಚೇರಿ ಇದನ್ನು ಪೂರ್ಣ ವಿಮೆಯೆಂದು ಒಪ್ಪದೆ ಹೋಗಬಹುದು. ಪಬ್ಲಿಕ್ ಸದಸ್ಯನ ಹೆಂಡತಿ ಮಕ್ಕಳಿಗೆ, ಪ್ರಯಾಣದ ಮೊದಲ ಕೆಲವು ದಿನ ಬಿಟ್ಟರೆ, ಇದರ ಅಗತ್ಯವೇ ಇಲ್ಲ. ಆದರೂ ವರ್ಷಪೂರ್ತಿ ಕಟ್ಟುವವರಿದ್ದಾರೆ.

ಪ್ರೈವೇಟ್‌ನತ್ತ ವಾಲುವುದಕ್ಕೆ ಕಾರಣ ಸ್ಯಾಲರಿ ಸ್ಲಿಪ್‌ನ ಕೊನೆಯ ಸಾಲನ್ನು ಮಾತ್ರ ಓದುವ ಅಭ್ಯಾಸ. ಕೈಗೆ ಬರುವ ಮೊತ್ತ 250 ಯೂರೊ ಹೆಚ್ಚಾಯಿತೆಂದು ಕಂಡೊಡನೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರೈವೇಟ್‌ನ ಗುಣಗಾನ ಶುರುವಾಗುತ್ತದೆ. ಗುಣಗಾನ ಮಾಡುವವರು ಬಹುಪಾಲು ಮದುವೆಯಾಗದವರು. ಉಳಿದ ಹಣವನ್ನು ಬೇರೆ ಖಾತೆಗೆ ಹಾಕಿಟ್ಟವರು ವಿರಳ. ಅದು ವಾರಾಂತ್ಯದ ಪ್ಯಾರಿಸ್‌ಗೋ ಪ್ರಾಗ್‌ಗೋ ಹೋಗಿರುತ್ತದೆ. ವಿದೇಶಕ್ಕೆ ಹೋದವರು ಆದಾಯವನ್ನು ರೂಪಾಯಿಗೆ ತಿರುಗಿಸಿ ಹಿಗ್ಗುತ್ತಾರೆ, ಖರ್ಚನ್ನು ಯೂರೊದಲ್ಲೇ ಬಿಟ್ಟು ಸುಮ್ಮನಾಗುತ್ತಾರೆ. ಎರಡನ್ನೂ ಒಂದೇ ನಾಣ್ಯದಲ್ಲಿ ಬರೆಯುವುದು ಒಳ್ಳೆಯದು.

ಬಾಕಿ ವಿಷಯಗಳು ಚಿಕ್ಕವು. ಮನೆಯ ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದು ಸಮಾಧಾನದ ಸುದ್ದಿ, ಆದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಒಲೆ, ಸಿಂಕ್, ಕಪಾಟು ಏನೂ ಇರುವುದಿಲ್ಲ. ಅಡ್ವಾನ್ಸ್‌ನಲ್ಲಿ ಉಳಿದ ಹಣ ಅಲ್ಲಿಗೆ ಬೇಕು. ಮನೆಗೆ ಬಂದ ಎರಡು ವಾರದಲ್ಲಿ ಎಲ್ಲರ ವಿಳಾಸವನ್ನೂ ನೋಂದಾಯಿಸಬೇಕು. ಸಂಗಾತಿ ಬಂದ ಮೇಲೆ, ಒಬ್ಬರೇ ದುಡಿಯುವ ಮನೆಯಾದರೆ, ತೆರಿಗೆ ವರ್ಗವನ್ನು ಮೂರಕ್ಕೆ ಬದಲಿಸಲು ಅರ್ಜಿ ಹಾಕಬೇಕು; ತಿಂಗಳ ಕಡಿತ ಗಣನೀಯವಾಗಿ ಇಳಿಯುತ್ತದೆ. ಮಕ್ಕಳ ಭತ್ಯೆ ಕಿಂಡರ್‌ಗೆಲ್ಡ್ 2025ರಲ್ಲಿ ಮಗುವಿಗೆ ತಿಂಗಳಿಗೆ 255 ಯೂರೊ. ಅರ್ಜಿ ತಡವಾದರೆ ಹಿಂದಿನ ಆರು ತಿಂಗಳ ಹಣ ಮಾತ್ರ ಸಿಗುತ್ತದೆ, ಅದಕ್ಕೂ ಹಿಂದಿನದು ಸಿಗುವುದಿಲ್ಲ.