ಪರದೇಶಿಯ ವಿಷಯದಲ್ಲಿ ಸರ್ಕಾರದ ಹೊಣೆ

ಮೋಕದ ಸುತ್ತಣ ಗ್ರಾಮಗಳಲ್ಲಿ ಗುಳೆ ಎಂಬ ಮಾತನ್ನು ಅರಿಯದ ಮನೆಯಿಲ್ಲ. 1876-78ರ ದೊಡ್ಡ ಬರದಲ್ಲಿ ಬಳ್ಳಾರಿ ಸೀಮೆಯ ಜನರು ಹಸಿವಿನಿಂದ ಊರು ಬಿಟ್ಟು ಹೋದರು. ಬದುಕಿ ಉಳಿದವರಿಗೆ ಮಳೆ ಬಂದ ಮೇಲೆ ತಿರುಗಿ ಬರುವದಕ್ಕೆ ಊರೊಂದಿತ್ತು. ತಿರುಗಿ ಹೋಗುವದಕ್ಕೆ ಊರೇ ಇಲ್ಲದವರ ಗತಿ ಏನು? ಇದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಅನ್ನ ಮತ್ತು ನೆಲೆ. ಸಿರುಗುಪ್ಪದ ಉತ್ತರಕ್ಕೆ ತುಂಗಭದ್ರೆಯನ್ನು ದಾಟಿದರೆ ಸಿಂಧನೂರು ತಾಲೂಕು ಸಿಕ್ಕುತ್ತದೆ. ಪೂರ್ವ ಪಾಕಿಸ್ತಾನದಿಂದ, ಅಂದರೆ 1971ರಲ್ಲಿ ಬಾಂಗ್ಲಾದೇಶವಾದ ನಾಡಿನಿಂದ, ಓಡಿಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರವು ಅಲ್ಲಿ ಭೂಮಿ ಕೊಟ್ಟು ನೆಲೆಗೊಳಿಸಿತು. ಟಿಬೆಟಿನಿಂದ ಬಂದವರಿಗೆ ಮೈಸೂರು ರಾಜ್ಯವು 1960ರಲ್ಲಿ ಬೈಲುಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ಕೊಟ್ಟಿತು. ಹಸಿದವನಿಗೆ ಒಂದು ಹೊತ್ತಿನ ರೊಟ್ಟಿಯನ್ನು ನಾವು ಕೊಡಬಲ್ಲೆವು. ಭೂಮಿಯನ್ನೂ ಪೌರತ್ವವನ್ನೂ ಸರ್ಕಾರವೇ ಕೊಡತಕ್ಕದ್ದು. ಆದದರಿಂದ ಇದು ಅದರ ದಯೆಯಲ್ಲ, ಹೊಣೆ.

2. ಕಾಗದವಿಲ್ಲದವನು. ಸಿಂಧನೂರಿನ ಆ ಶಿಬಿರಗಳಲ್ಲಿ ಅನೇಕರು ಪೌರತ್ವವಿಲ್ಲದೆ ಬಹುಕಾಲ ಕಳೆದರು; ಕೆಲವರಿಗೆ ಅದು 2024ರಲ್ಲಿ ದೊರಕಿತು. ನಿರಾಶ್ರಿತರನ್ನು ಕುರಿತ 1951ರ ಲೋಕಸಂಧಿಗೆ ಭಾರತವು ಸಹಿ ಹಾಕಿಲ್ಲ. ಆದರೂ 1996ರಲ್ಲಿ ಚಕ್ಮಾ ಜನರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಂವಿಧಾನದ 21ನೆಯ ವಿಧಿಯು ಪೌರನಲ್ಲದವನ ಪ್ರಾಣವನ್ನೂ ಕಾಯುತ್ತದೆಂದು ತೀರ್ಪಿತ್ತಿತು.

3. ನಮ್ಮ ಭಯ. ಪರದೇಶಿಗಳು ಬಂದರೆ ನಮ್ಮ ಕೂಲಿ ಹೋಗುವದೆಂದು ಕೆಲವರು ಅನ್ನುವರು. ಈ ಭಯವು ಬಡವನ ಭಯ. ಅದನ್ನು ನಾವು ಹಾಸ್ಯಮಾಡೆವು. ಆದರೆ ಯೋಚಿಸಿರಿ: ಕಾಗದವಿಲ್ಲದವನು ಠಾಣೆಗೆ ಹೋಗಲು ಅಂಜಿ ಅರ್ಧ ಕೂಲಿಗೆ ದುಡಿಯುವನು, ಆಗ ಧಣಿಯು ನಮಗೂ ಅರ್ಧವನ್ನೇ ತೋರಿಸುವನು. ಸರ್ಕಾರವು ಅವನನ್ನು ವಿಚಾರಿಸಿ, ಹೆಸರು ಬರೆದುಕೊಂಡು, ನ್ಯಾಯವಾದ ಕೂಲಿಯನ್ನು ಕೊಡಿಸಿದರೆ ಇಬ್ಬರಿಗೂ ಕ್ಷೇಮ. ಎಲ್ಲರನ್ನೂ ಇರಗೊಡಿಸಬೇಕೋ ಎಂಬದನ್ನು ಕಾನೂನು ತೀರ್ಮಾನಿಸಲಿ. ಆದರೆ ತೀರ್ಮಾನವಾಗುವ ತನಕ ಯಾರೂ ಹಸಿವಿನಿಂದಲೂ ಏಟಿನಿಂದಲೂ ಸಾಯಬಾರದು.

ಹೆರೋದನಿಗೆ ಅಂಜಿ ಯೋಸೇಫನು ಮಗುವನ್ನೂ ತಾಯಿಯನ್ನೂ ಕರಕೊಂಡು ರಾತ್ರಿಯಲ್ಲಿ ಐಗುಪ್ತಕ್ಕೆ ಓಡಿದ್ದನ್ನು ನಾವು ಮತ್ತಾಯನ ಸುವಾರ್ತೆಯಲ್ಲಿ ಓದುತ್ತೇವೆ. ಆ ಗಡಿಯಲ್ಲಿ ಅವರನ್ನು ತಡೆದಿದ್ದರೆ?

ಯೋಚಿಸತಕ್ಕ ಪ್ರಶ್ನೆಗಳು: ನಮ್ಮ ಊರಿನಿಂದ ಗುಳೆ ಹೋದವರನ್ನು ಬೇರೆ ಊರಿನವರು ಹೇಗೆ ಕಾಣಬೇಕೆಂದು ನಾವು ಬಯಸುತ್ತೇವೆ? ನಮ್ಮ ಊರಿಗೆ ಬಂದವರನ್ನು ನಾವು ಹಾಗೆ ಕಾಣುತ್ತೇವೋ?