ಮಳೆ ಹೊರಗಿನದು, ತೇವ ಮನೆಯೊಳಗಿನದು
ಬ್ರಿಟನ್ನಿಗೆ ಹೊಸದಾಗಿ ಬಂದ ಕುಟುಂಬಗಳಿಗೆ ಚಳಿಗಾಲದ ಕಿವಿಮಾತು

ಬೇಸಿಗೆಯ ಕೊನೆಯಲ್ಲಿ ಬಂದು ಮನೆ ಹಿಡಿದವರಿಗೆ ನವೆಂಬರ್ ಹೊತ್ತಿಗೆ ಮೂರು ಪ್ರಶ್ನೆಗಳು ಏಳುತ್ತವೆ. ಬೆಳಗ್ಗೆ ಕಿಟಕಿ ಗಾಜಿನ ಮೇಲೆಲ್ಲ ನೀರು ಏಕೆ? ಬೀರುವಿನ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕೆ ಏನು? ಬಟ್ಟೆ ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯುವುದೇಕೆ? ‘ಇಲ್ಲಿ ಮಳೆ ಜಾಸ್ತಿ, ಅದಕ್ಕೇ’ ಎಂದು ಸುಮ್ಮನಾಗುವವರೇ ಹೆಚ್ಚು. ಸೋರಿಕೆ ಇಲ್ಲದ ಮನೆಯಲ್ಲಿ ಆ ನೀರಿನ ಬಹುಪಾಲು ನಮ್ಮದೇ: ಅಡುಗೆಯ ಹಬೆ, ಸ್ನಾನದ ಆವಿ, ಒದ್ದೆ ಬಟ್ಟೆ, ಉಸಿರು.

ಮಳೆ ಬಂದರೂ ಕಿಟಕಿ ತೆರೆಯಿರಿ

ಬೆಚ್ಚಗಿನ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತದೆ, ತಣ್ಣನೆಯದು ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 17 ಗ್ರಾಂ ನೀರಾವಿ ಹಿಡಿಯುವ ಶಕ್ತಿಯಿದ್ದರೆ, 5 ಡಿಗ್ರಿಯಲ್ಲಿ ಅದು 7 ಗ್ರಾಂನ ಆಸುಪಾಸು ಮಾತ್ರ. ಕೋಣೆಯಲ್ಲಿ 20 ಡಿಗ್ರಿ ಶಾಖ, ಶೇ 60 ತೇವಾಂಶ ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಗಾಜು, ಗೋಡೆಯಾದರೂ ಫ್ರಿಜ್ಜಿನಿಂದ ತೆಗೆದ ನೀರಿನ ಚೊಂಬಿನ ಹಾಗೆ ಬೆವರುತ್ತದೆ.

ಕರಾವಳಿ, ಮಲೆನಾಡಿನವರು ಇಲ್ಲಿ ಎಡವುವುದು ಸಹಜ. ಆಷಾಢದ ಮಂಗಳೂರಿನಲ್ಲಿ ಹೊರಗಿನ ಗಾಳಿಯೂ ಬೆಚ್ಚಗಿರುತ್ತದೆ, ನೀರು ತುಂಬಿರುತ್ತದೆ. ಕಿಟಕಿ ತೆರೆದರೆ ತೇವ ಒಳಗೆ ಬರುತ್ತದೆ. ಬ್ರಿಟನ್ನಿನ ಚಳಿಗಾಲದಲ್ಲಿ ಲೆಕ್ಕ ತಿರುಗುಮುರುಗು. ಜನವರಿಯ ಮಳೆಯಲ್ಲಿ ಹೊರಗೆ 5 ಡಿಗ್ರಿ, ಶೇ 90 ತೇವಾಂಶ ಇದ್ದರೂ, ಅದೇ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬಿಸಿಯಾದಾಗ ಅದರ ತೇವಾಂಶ ಶೇ 35ರ ಹತ್ತಿರಕ್ಕೆ ಇಳಿಯುತ್ತದೆ. ಆದ್ದರಿಂದ ಬೆಳಗ್ಗೆ ಒಮ್ಮೆ, ಅಡುಗೆ ಮುಗಿದ ಮೇಲೆ ಒಮ್ಮೆ, ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆಯಿರಿ. ಅಷ್ಟರಲ್ಲಿ ಗಾಳಿ ಬದಲಾಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ. ಕಿಟಕಿ ಚೌಕಟ್ಟಿನ ಮೇಲ್ಭಾಗದಲ್ಲಿ ಟ್ರಿಕಲ್ ವೆಂಟ್ ಎಂಬ ಸಣ್ಣ ಗಾಳಿಕಂಡಿ ಇದ್ದರೆ ಚಳಿಯೆಂದು ಮುಚ್ಚಿಬಿಡಬೇಡಿ.

ಮೊದಲು ಅಳೆಯಿರಿ

ಹೈಗ್ರೋಮೀಟರ್ ಎಂಬ ಪುಟ್ಟ ಮೀಟರ್ ಅಗ್ಗಕ್ಕೆ ಸಿಗುತ್ತದೆ. ಮಲಗುವ ಕೋಣೆಯಲ್ಲಿ ಒಂದನ್ನು ಇಡಿ. ಶೇ 40ರಿಂದ 60ರ ನಡುವೆ ಇದ್ದರೆ ನಿಶ್ಚಿಂತೆ. ಸ್ನಾನ, ಅಡುಗೆಯ ಹೊತ್ತಿನಲ್ಲಿ ಏರಿ ಇಳಿದರೆ ತೊಂದರೆಯಿಲ್ಲ; ದಿನವಿಡೀ 65, 70 ತೋರಿಸಿದರೆ ಬೂಷ್ಟಿಗೂ ಆಸ್ತಮಾ ಕೆರಳಿಸುವ ಧೂಳುಹುಳಗಳಿಗೂ ಅದು ಹಬ್ಬ.

ನೀರು ಹುಟ್ಟುವಲ್ಲೇ ತಡೆಯಿರಿ

ಅಡುಗೆಮನೆ: ನಮ್ಮದು ಕುದಿಸುವ, ಬೇಯಿಸುವ ಅಡುಗೆ. ಅನ್ನ, ಸಾರು, ಇಡ್ಲಿ ಎಲ್ಲದರಿಂದಲೂ ಹಬೆ. ಪಾತ್ರೆಗೆ ಮುಚ್ಚಳ ಹಾಕಿ, ಬಾಗಿಲು ಮುಚ್ಚಿ, ಒಗ್ಗರಣೆಯ ಘಾಟಿಗಷ್ಟೇ ಅಲ್ಲ, ಹಬೆಗೂ ಫ್ಯಾನ್ ಹಾಕಿ. ಕೆಲವು ಚಿಮಣಿಗಳು ಗಾಳಿಯನ್ನು ಇದ್ದಿಲಿನ ಫಿಲ್ಟರ್ ಮೂಲಕ ಹಾಯಿಸಿ ಮತ್ತೆ ಒಳಗೇ ಬಿಡುತ್ತವೆ. ವಾಸನೆ ಹೋಗುತ್ತದೆ, ಹಬೆ ಉಳಿಯುತ್ತದೆ. ನಿಮ್ಮದರ ಕೊಳವೆ ಹೊರಗೆ ಹೋಗುತ್ತದೆಯೇ ನೋಡಿ. ಇಲ್ಲದಿದ್ದರೆ ಕಿಟಕಿಯೇ ಗತಿ. ಗ್ಯಾಸ್ ಉರಿದಾಗಲೂ ನೀರಾವಿ ಹುಟ್ಟುತ್ತದೆಂಬುದು ನೆನಪಿರಲಿ.

ಬಚ್ಚಲು: ಸ್ನಾನವಾದ ಮೇಲೆ ಬಾಗಿಲು ಮುಚ್ಚಿ, ಫ್ಯಾನ್ ಇನ್ನೂ ಕಾಲು ಗಂಟೆ ತಿರುಗಲಿ.

ಬಟ್ಟೆ: ಒಂದು ಮೆಷಿನ್ ಬಟ್ಟೆ ಮನೆಯೊಳಗೆ ಒಣಗಿದರೆ ಸುಮಾರು ಎರಡು ಲೀಟರ್ ನೀರು ಗಾಳಿ ಸೇರುತ್ತದೆ. ರೇಡಿಯೇಟರಿನ ಮೇಲೆ ಹರವಬೇಡಿ. ಬಚ್ಚಲಿನಲ್ಲೋ ಒಂದು ಕೋಣೆಯಲ್ಲೋ ಸ್ಟ್ಯಾಂಡ್ ಇಟ್ಟು, ಬಾಗಿಲು ಮುಚ್ಚಿ, ಕಿಟಕಿ ಸ್ವಲ್ಪ ತೆರೆದಿಡಿ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟರೆ ಕಿಟಕಿ ಮುಚ್ಚಿರಲಿ. ಕಂಪ್ರೆಸರ್ ಬಗೆಯದು ಬೆಚ್ಚಗಿನ ಕೋಣೆಗೆ, ಡೆಸಿಕೆಂಟ್ ಬಗೆಯದು ತಣ್ಣನೆಯ ಕೋಣೆಗೆ ಹೊಂದುತ್ತದೆ.

ಗೋಡೆ ತಣ್ಣಗಾಗದಿರಲಿ

ಬಿಲ್ಲಿಗೆ ಹೆದರಿ ಒಂದು ಕೋಣೆಯ ಹೀಟಿಂಗ್ ಪೂರ್ತಿ ಆರಿಸುತ್ತೇವೆ. ಬೇರೆ ಕೋಣೆಗಳ ತೇವ ನುಸುಳಿ ನೀರಾಗಿ ಕೂರುವುದು ಅಲ್ಲಿಯೇ. ಆ ಕೋಣೆಯಲ್ಲೂ ಸಣ್ಣ ಪ್ರಮಾಣದ ಶಾಖ ಇರಲಿ. ನೀವು ಇರುವ, ಮಲಗುವ ಕೋಣೆಗಳು 18 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಒಳ್ಳೆಯದು. ಹೊರಗೋಡೆಗೆ ಮಂಚ, ಬೀರು ಅಂಟಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ರೇಷ್ಮೆ ಸೀರೆ ಇರುವ ಬೀರುವನ್ನು ಒಳಗೋಡೆಗೇ ಇಡಿ. ಗಾಜಿನ ನೀರನ್ನು ಬೆಳಗ್ಗೆ ಒರೆಸಿ, ಬಟ್ಟೆಯನ್ನು ಸಿಂಕಿನಲ್ಲಿ ಹಿಂಡಿ. ಅದನ್ನು ರೇಡಿಯೇಟರಿನ ಮೇಲೆ ಒಣಹಾಕಿದರೆ ಶ್ರಮ ವ್ಯರ್ಥ.

ಕೆಲವೊಮ್ಮೆ ಕೊರೆಯುವ ಚಳಿಯ ವಾರದಲ್ಲಿ ಮೀಟರ್ 40ಕ್ಕಿಂತ ಕೆಳಗಿಳಿದು ಮೂಗು, ತುಟಿ ಒಣಗಬಹುದು. ವೀಣೆ, ತಂಬೂರಿ ಇದ್ದವರು ಅವನ್ನು ರೇಡಿಯೇಟರಿನಿಂದ ದೂರವಿಡಿ. ಅಷ್ಟಕ್ಕೇ ತೇವ ಹೆಚ್ಚಿಸುವ ಹ್ಯುಮಿಡಿಫೈಯರ್ ಕೊಳ್ಳುವ ಅವಸರ ಬೇಡ.

ಬೂಷ್ಟು ಬಂದಿದ್ದರೆ

ಒಣ ಬ್ರಷ್ಷಿನಿಂದ ಉಜ್ಜಿದರೆ ಬೀಜಕಣಗಳು ಹರಡುತ್ತವೆ. ಕೈಗವಸು, ಮಾಸ್ಕ್ ಹಾಕಿ, ಕಿಟಕಿ ತೆರೆದು, ಬೂಷ್ಟು ತೆಗೆಯುವ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬ್ಲೀಚಿಗೆ ವಿನೆಗರ್, ಅಮೋನಿಯ ಬೆರೆಸಲೇಬಾರದು, ವಿಷಾನಿಲ ಏಳುತ್ತದೆ. ಆಸ್ತಮಾ ಇರುವವರು ಈ ಕೆಲಸಕ್ಕೆ ಕೈಹಾಕಬೇಡಿ. ಮೇಲೆ ಬಣ್ಣ ಬಳಿದರೆ ಬೂಷ್ಟು ಕೆಲವು ದಿನ ಮರೆಯಾಗುತ್ತದೆ, ಅಷ್ಟೇ.

ಎಲ್ಲವೂ ನಿಮ್ಮ ತಪ್ಪಲ್ಲ

ಮಳೆಯ ಮರುದಿನ ಗೋಡೆಯಲ್ಲಿ ಒದ್ದೆ ಮಚ್ಚೆ ದೊಡ್ಡದಾದರೆ ಅದು ಹೊರಗಿನ ಸೋರಿಕೆ. ನೆಲದಿಂದ ಮೇಲಕ್ಕೆ ಏರಿ ಗೆರೆ ಬಿಟ್ಟಿದ್ದರೆ ಪಾಯದ ಪಸೆ. ಕೆಟ್ಟ ಫ್ಯಾನ್, ತೆರೆಯದ ಕಿಟಕಿ, ಶಾಖವೇ ಬಾರದ ಹೀಟಿಂಗ್ ಇವೆಲ್ಲ ಮನೆಯೊಡೆಯರ ಹೊಣೆ. ‘ನಿಮ್ಮ ಅಡುಗೆಯಿಂದಲೇ ಹೀಗೆ’ ಎಂಬ ಉತ್ತರ ಕೇಳಿ ಹಿಂಜರಿಯಬೇಡಿ. ಇಂಗ್ಲೆಂಡಿನ ಹೌಸಿಂಗ್ ಓಂಬುಡ್ಸ್‌ಮನ್ 2021ರ ವರದಿಯಲ್ಲೇ, ತೇವ ಮತ್ತು ಬೂಷ್ಟಿಗೆ ನಿವಾಸಿಗಳ ಜೀವನಶೈಲಿಯನ್ನು ದೂರುವುದು ಸಲ್ಲದೆಂದು ಹೇಳಿದರು. 2020ರಲ್ಲಿ ರಾಚ್‌ಡೇಲ್‌ನ ಬೂಷ್ಟು ಹಿಡಿದ ಫ್ಲ್ಯಾಟಿನಲ್ಲಿ ವಾಸವಿದ್ದ ಎರಡು ವರ್ಷದ ಮಗು ಅವಾಬ್ ಇಶಾಕ್ ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಬೂಷ್ಟೇ ಕಾರಣವೆಂದು 2022ರ ವಿಚಾರಣೆ ತೀರ್ಮಾನಿಸಿತು. ಇಂಥ ದೂರಿಗೆ ಮನೆಯೊಡೆಯರು ಗಡುವಿನೊಳಗೆ ಸ್ಪಂದಿಸಬೇಕೆನ್ನುವ, ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರಿನಿಂದ ಇಂಗ್ಲೆಂಡಿನ ಸಾಮಾಜಿಕ ವಸತಿಗಳಲ್ಲಿ (ಕೌನ್ಸಿಲ್, ವಸತಿ ಸಂಸ್ಥೆಗಳ ಬಾಡಿಗೆ ಮನೆಗಳಲ್ಲಿ) ಜಾರಿಯಾಗಿದೆ.

ನಮ್ಮಲ್ಲಿ ಹೆಚ್ಚಿನವರು ಇರುವುದು ಖಾಸಗಿ ಬಾಡಿಗೆ ಮನೆಗಳಲ್ಲಿ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ವಾಸಯೋಗ್ಯವಾಗಿರಬೇಕೆಂಬ 2018ರ ಕಾಯ್ದೆ ಅವುಗಳಿಗೂ ಅನ್ವಯಿಸುತ್ತದೆ, ತೇವವೂ ಅದರ ವ್ಯಾಪ್ತಿಗೆ ಬರುತ್ತದೆ. ಮನೆಗೆ ಕಾಲಿಟ್ಟ ದಿನವೇ ಗೋಡೆ, ಕಿಟಕಿಗಳ ಫೋಟೊ ತೆಗೆದಿಡಿ. ದೂರನ್ನು ಫೋನಿನಲ್ಲಿ ಹೇಳಿ ಬಿಡದೆ, ಫೋಟೊ ಮತ್ತು ಮೀಟರಿನ ಅಂಕಿಗಳೊಂದಿಗೆ ಏಜೆಂಟರಿಗೆ ಇಮೇಲ್ ಮಾಡಿ. ಉತ್ತರ ಬಾರದಿದ್ದರೆ ಕೌನ್ಸಿಲಿನ ಪರಿಸರ ಆರೋಗ್ಯ ವಿಭಾಗಕ್ಕೆ ಬರೆಯಿರಿ. ಪತ್ರ ಬರೆಯಲು ನೆರವು ಬೇಕಾದರೆ ನಮ್ಮ ಕನ್ನಡ ಕೂಟದಲ್ಲಿ ಕೇಳಿ. ಇಂಥ ಪತ್ರ ಬರೆದು ಮನೆ ರಿಪೇರಿ ಮಾಡಿಸಿಕೊಂಡವರು ನಮ್ಮ ನಡುವೆಯೇ ಇದ್ದಾರೆ.