ಹಳೆಯದೆಲ್ಲ ನೆನಪಿದ್ದರೂ ಮೈಮರೆಯಬೇಡಿ

‘ಶೋಲೆ’ ಶೂಟಿಂಗ್ ನೋಡಲು ರಾಮದೇವರ ಬೆಟ್ಟಕ್ಕೆ ಹೋದದ್ದನ್ನು ಅಪ್ಪ ಚಾಚೂ ತಪ್ಪದೆ ಹೇಳುತ್ತಾರೆ, ಬೆಳಗ್ಗೆ ತಿಂದ ಮುದ್ದೆ ಮಾತ್ರ ನೆನಪಿಲ್ಲ. ಹಾಗಾದರೆ ಮಿದುಳು ಗಟ್ಟಿಯಾಗಿದೆ ಎಂದು ರಾಮನಗರದ ಕಡೆ ಸಮಾಧಾನಪಟ್ಟುಕೊಳ್ಳುವ ಮನೆಗಳಿವೆ. ಈ ಸಮಾಧಾನವೇ ಚಿಕಿತ್ಸೆಯನ್ನು ತಡಮಾಡಿಸುತ್ತದೆ.

ಹೊಸ ನೆನಪು ಕಟ್ಟುವುದು ಮಿದುಳಿನ ಒಳಗಿರುವ ಹಿಪ್ಪೊಕ್ಯಾಂಪಸ್. ವರ್ಷ ಕಳೆದಂತೆ ನೆನಪು ಹೊರಪದರದಲ್ಲಿ ಬೇರೂರುತ್ತದೆ. ಅಲ್‌ಝೈಮರ್ ಕಾಯಿಲೆಯಲ್ಲಿ ಇತ್ತೀಚಿನದು ಮೊದಲು ಹೋಗಿ, ಬಾಲ್ಯ ಬಹುಕಾಲ ಉಳಿಯುವುದು ಅದಕ್ಕೇ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೊ ಈ ಕ್ರಮವನ್ನು 1881ರಲ್ಲೇ ಬರೆದಿಟ್ಟಿದ್ದರು.

ಮೊದಲು ಒಂದು ನೋಟ್‌ಬುಕ್ ಇಡಿ. ಮರೆವು ಎಂದಿನಿಂದ, ದಿಢೀರನೆ ಬಂತೇ, ನಿಧಾನಕ್ಕೆ ಬಂತೇ ಎಂದು ಬರೆಯಿರಿ. ಹಳೆಯದನ್ನು ಕೇಳುವಾಗ ತಾಳೆ ನೋಡಬಹುದಾದದ್ದನ್ನೇ ಕೇಳಿ: ಕನಕಪುರದ ಶಾಲೆಯ ಮೇಷ್ಟ್ರ ಹೆಸರು, ಮಾಗಡಿ ರಂಗನಾಥಸ್ವಾಮಿ ತೇರಿಗೆ ಜೊತೆಗೆ ಬಂದವರು. ಆಮೇಲೆ ಅತ್ತೆ, ಚಿಕ್ಕಪ್ಪಂದಿರನ್ನು ವಿಚಾರಿಸಿ. ಏಕೆಂದರೆ ವಿಪರೀತ ಕುಡಿತದಿಂದ ಬಿ1 ಜೀವಸತ್ವ ಕುಂದಿ ಬರುವ ಕೊರ್ಸಕಾಫ್ ಕಾಯಿಲೆಯಲ್ಲಿ ಹಿಂದಿನ ಎಷ್ಟೋ ವರ್ಷಗಳೂ ಅಳಿಸಿಹೋಗುತ್ತವೆ. ನಡೆಯದ್ದನ್ನು ನಡೆದಂತೆ ಹೇಳುವುದೂ ಉಂಟು. ಅವರು ಬೇಕೆಂದು ಸುಳ್ಳು ಹೇಳುತ್ತಿಲ್ಲ, ದಯವಿಟ್ಟು ಬೈಯಬೇಡಿ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ತಲೆಗೆ ಪೆಟ್ಟಾದವರಿಗೆ ಅಪಘಾತಕ್ಕೆ ಹಿಂದಿನ ತಿಂಗಳುಗಳೇ ಕಾಣೆಯಾಗಬಹುದು. ಸಾಮಾನ್ಯವಾಗಿ ಹೆಚ್ಚು ಹಳೆಯದು ಮೊದಲು ಮರಳುತ್ತದೆ, ಪೆಟ್ಟಿಗೆ ತುಸು ಮುಂಚಿನ ಗಳಿಗೆ ಮರಳದೆಯೂ ಇರಬಹುದು. ದಿನವೂ ಪ್ರಶ್ನೆ ಕೇಳಿ ಕಾಡಬೇಡಿ. ವಯಸ್ಸಾದವರು ಜಾರಿಬಿದ್ದು ಕೆಲವು ವಾರಗಳ ನಂತರ ಮಂಕಾದರೆ ತಲೆಬುರುಡೆಯೊಳಗೆ ರಕ್ತ ಕಟ್ಟಿರುವ ಸಾಧ್ಯತೆಯಿದೆ. ಅದೇ ದಿನ ಆಸ್ಪತ್ರೆಗೆ ಹೋಗಿ ಸಿ.ಟಿ. ಸ್ಕ್ಯಾನ್ ಬಗ್ಗೆ ಕೇಳಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಇವು ಪಾರ್ಶ್ವವಾಯುವಿನ ಲಕ್ಷಣಗಳಿರಬಹುದು, ಅದರಲ್ಲಿ ರಕ್ತನಾಳದೊಳಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು.

ನಿಧಾನದ ಮರೆವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅವರು ಹೇಳಿದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ. ನೋಟ್‌ಬುಕ್ ಜೊತೆಗೆ, ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ಬಿ12 ಮತ್ತು ಥೈರಾಯ್ಡ್ ಕೊರತೆಯ ಮರೆವಿಗೆ ಔಷಧವಿದೆ.

ಮನೆಯಲ್ಲಿ ಕೈಗೆ ಕೆಲಸ ಕೊಡಿ. ಕೈ ಕಲಿತ ಕಸುಬು ಮಿದುಳಿನ ಬೇರೆ ಭಾಗಗಳಲ್ಲಿ ಉಳಿದಿರುತ್ತದೆ. ಚನ್ನಪಟ್ಟಣದಲ್ಲಿ ಗೊಂಬೆ ಕಡೆದವರಿಗೆ ತಿರುಗುವ ಯಂತ್ರ ಬೇಡ. ಬಣ್ಣದ ಗೊಂಬೆಗಳನ್ನು ವಿಂಗಡಿಸಲು ಕೊಡಿ. ರೇಷ್ಮೆ ಬೆಳೆದವರನ್ನು ಚಂದ್ರಿಕೆಯಿಂದ ಗೂಡು ಬಿಡಿಸಲು ಪಕ್ಕದಲ್ಲಿ ಕೂರಿಸಿಕೊಳ್ಳಿ, ಮಾತು ತಾನಾಗಿ ಬಂದರೆ ಕೇಳಿಸಿಕೊಳ್ಳಿ.